ಆನ್‌ಲೈನ್ ಆಟಗಳಲ್ಲಿ ಬಾಟ್ ಪತ್ತೆ

ಅಂತರಜಾಲದ ಮೂಲಕ ಹಲವರು ಕೂಡಿ ಆಡುವ ವಿಡಿಯೊ ಆಟಗಳಲ್ಲಿ ಆಟಗಾರನ ಬದಲಿಗೆ ತಾನೇ ಆಡುವ, ಅಥವಾ ಆಟಗಾರನ ಕೈಚಳಕದ ಒಂದು ಭಾಗವನ್ನು ತಾನು ವಹಿಸಿಕೊಳ್ಳುವ ತಂತ್ರಾಂಶವನ್ನು ಬಾಟ್ ಎಂದು ಕರೆಯುತ್ತಾರೆ. ನಿಯಮ ಮೀರಿ ಇಂಥ ತಂತ್ರಾಂಶದಿಂದ ನಡೆಯುತ್ತಿರುವ ಖಾತೆಗಳನ್ನು ಗುರುತಿಸಿ, ಪುರಾವೆ ಕಲೆಹಾಕಿ, ಹೊರಹಾಕುವ ವಿಧಾನಗಳಿಗೆ ಒಟ್ಟಾಗಿ ಬಾಟ್ ಪತ್ತೆ ಎಂದು ಹೆಸರು. ಆಟ ನಡೆಸುವ ಸಂಸ್ಥೆಗಳು ತಾವೇ ಕಣಕ್ಕೆ ಬಿಡುವ ಬಾಟ್‌ಗಳೂ ಇವೆ. ಫೋರ್ಟ್‌ನೈಟ್‌ನಂಥ ಆಟಗಳಲ್ಲಿ ಹೊಸಬರಿಗೆ ಸುಲಭದ ಎದುರಾಳಿಗಳು ಸಿಗಲೆಂದು ಅವುಗಳನ್ನು ಉದ್ದೇಶಪೂರ್ವಕವಾಗಿಯೇ ಸೇರಿಸಲಾಗುತ್ತದೆ. ಪತ್ತೆಯ ಗುರಿ ಇವಲ್ಲ, ಮನುಷ್ಯನ ಖಾತೆಯ ಮರೆಯಲ್ಲಿ ನಿಂತು ಮನುಷ್ಯನೇ ಆಡುತ್ತಿದ್ದಾನೆಂದು ನಂಬಿಸುವ ಬಾಟ್‌ಗಳು.

ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ ಉಂಟು. ಮೊದಲನೆಯದು ದುಡಿಮೆಯ ಬಾಟ್. ಸಾವಿರಾರು ಮಂದಿ ಒಂದೇ ಕಾಲ್ಪನಿಕ ಲೋಕದಲ್ಲಿ ಪಾತ್ರ ವಹಿಸುವ ಆಟಗಳಲ್ಲಿ ಮುಂದುವರಿಯಬೇಕಾದರೆ ಅದೇ ಮರ ಕಡಿಯುವ, ಅದೇ ಮೃಗಗಳನ್ನು ಕೊಲ್ಲುವ ಕೆಲಸವನ್ನು ನೂರಾರು ಗಂಟೆ ಮಾಡಬೇಕಾಗುತ್ತದೆ. ಆಟಗಾರರು ಗ್ರೈಂಡಿಂಗ್ ಎನ್ನುವ ಈ ಬೇಸರದ ದುಡಿಮೆಯನ್ನು ಬಾಟ್ ಹಗಲಿರುಳು ಮಾಡಿಕೊಡುತ್ತದೆ, ಹಾಗೆ ಗಳಿಸಿದ ಆಟದ ಚಿನ್ನವನ್ನು ನಿಜವಾದ ಹಣಕ್ಕೆ ಮಾರುವವರೂ ಇದ್ದಾರೆ. ಎರಡನೆಯದು ಗುರಿಯ ಬಾಟ್, ಅಂದರೆ ಏಮ್‌ಬಾಟ್. ಕೌಂಟರ್‌ಸ್ಟ್ರೈಕ್‌ನಂಥ ಗುಂಡು ಹಾರಿಸುವ ಆಟಗಳಲ್ಲಿ ಎದುರಾಳಿ ಎಲ್ಲಿದ್ದಾನೆಂಬುದನ್ನು ಗಣಕದ ಮೆಮೊರಿಯಿಂದ ಓದಿ, ಬಂದೂಕಿನ ಗುರಿಯನ್ನು ಅಲ್ಲಿಗೇ ತಿರುಗಿಸುವುದು ಇದರ ಕೆಲಸ. ಮೊದಲನೆಯದು ಆಟದೊಳಗಿನ ಅರ್ಥವ್ಯವಸ್ಥೆಯನ್ನು ನಿಧಾನವಾಗಿ ಕೆಡಿಸಿದರೆ ಎರಡನೆಯದು ಕೆಲವೇ ನಿಮಿಷಗಳ ಒಂದು ಪಂದ್ಯವನ್ನು ಹಾಳುಮಾಡುತ್ತದೆ. ಈ ವ್ಯತ್ಯಾಸದಿಂದಾಗಿ ಎರಡಕ್ಕೂ ಬೇಕಾದ ಸಾಕ್ಷ್ಯ ಬೇರೆ ಬೇರೆ: ಒಂದರಲ್ಲಿ ವಾರಗಟ್ಟಲೆಯ ದಿನಚರಿ, ಇನ್ನೊಂದರಲ್ಲಿ ಸೆಕೆಂಡಿನ ಭಾಗಗಳು.

ಹಿನ್ನೆಲೆ

1997ರಲ್ಲಿ ಬಂದ ಅಲ್ಟಿಮಾ ಆನ್‌ಲೈನ್‌ನ ಕಾಲದಿಂದಲೇ, ಒಮ್ಮೆ ಬರೆದಿಟ್ಟ ಕೀಲಿ ಒತ್ತುವಿಕೆಗಳ ಸರಣಿಯನ್ನು ಮತ್ತೆ ಮತ್ತೆ ನಡೆಸುವ ಮ್ಯಾಕ್ರೊಗಳು ಆಟಗಾರರಲ್ಲಿ ಬಳಕೆಯಲ್ಲಿದ್ದವು. ಬಾಟ್ ಒಂದು ವ್ಯಾಪಾರವಾಗಿ ಬೆಳೆದದ್ದು 2004ರ ನವೆಂಬರಿನಲ್ಲಿ ಬಿಡುಗಡೆಯಾದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಜನಪ್ರಿಯತೆಯ ಜೊತೆಗೆ. 2005ರಲ್ಲಿ ಮಾರಾಟಕ್ಕೆ ಬಂದ ಗ್ಲೈಡರ್ ಎಂಬ ಬಾಟ್‌ನ ಸುಮಾರು 1,20,000 ಪ್ರತಿಗಳು 2008ರ ಹೊತ್ತಿಗೆ ಖರ್ಚಾಗಿದ್ದವೆಂಬುದು ಅಮೆರಿಕದ ನ್ಯಾಯಾಲಯದ ದಾಖಲೆಗಳಿಂದ ತಿಳಿದುಬರುತ್ತದೆ. ಅದೇ ವರ್ಷ ಬ್ರಿಟನ್ನಿನ ವಿದ್ವಾಂಸ ರಿಚರ್ಡ್ ಹೀಕ್ಸ್, ಆಟದ ಚಿನ್ನ ಗಳಿಸಿ ಮಾರುವ ಗೋಲ್ಡ್ ಫಾರ್ಮಿಂಗ್ ಕಸುಬಿನಲ್ಲಿ ಸುಮಾರು ನಾಲ್ಕು ಲಕ್ಷ ಜನ ದುಡಿಯುತ್ತಿದ್ದಾರೆಂದೂ ಅವರಲ್ಲಿ ಹೆಚ್ಚಿನವರು ಚೀನಾದವರೆಂದೂ ಅಂದಾಜಿಸಿದ್ದನು. ಅವರು ಮನುಷ್ಯರು, ಬಾಟ್‌ಗಳಲ್ಲ. ಆದರೆ ಕೂಲಿಗೆ ಹತ್ತು ಹನ್ನೆರಡು ಗಂಟೆ ಒಂದೇ ಕೆಲಸ ಮಾಡುವವನ ದಾಖಲೆಯೂ ಬಾಟ್‌ನ ದಾಖಲೆಯೂ ಎಷ್ಟೋ ಸಲ ಒಂದೇ ತೆರನಾಗಿ ಕಾಣುತ್ತವೆಂಬ ತೊಡಕು ಪತ್ತೆಯ ಶಾಸ್ತ್ರಕ್ಕೆ ಆರಂಭದಲ್ಲೇ ಎದುರಾಯಿತು.

ಗುಂಡಿನ ಆಟಗಳ ಕಡೆ, ಪಂಕ್‌ಬಸ್ಟರ್ ಎಂಬ ಕಾವಲು ತಂತ್ರಾಂಶವು ಶತಮಾನದ ತಿರುವಿನಲ್ಲಿಯೂ ವಾಲ್ವ್ ಸಂಸ್ಥೆಯ ವ್ಯಾಕ್ 2002ರಲ್ಲಿಯೂ ಬಳಕೆಗೆ ಬಂದವು.

ಗಣಕದೊಳಗಿನ ತಪಾಸಣೆ

ಆನ್‌ಲೈನ್ ಆಟಕ್ಕೆ ಎರಡು ತುದಿಗಳಿರುತ್ತವೆ. ಆಟಗಾರನ ಗಣಕದಲ್ಲಿ ಓಡುವ ಭಾಗ ಕ್ಲೈಂಟ್, ಸಂಸ್ಥೆಯ ಬಳಿ ಇದ್ದು ಎಲ್ಲರ ಆಟವನ್ನೂ ಹೊಂದಿಸುವ ಭಾಗ ಸರ್ವರ್. ಬಾಟ್ ಕುಳಿತಿರುವುದು ಕ್ಲೈಂಟಿನ ಪಕ್ಕದಲ್ಲಾದ್ದರಿಂದ ಅಲ್ಲಿಯೇ ಹುಡುಕುವುದು ಸಹಜವಾಗಿ ಮೊದಲ ಉಪಾಯವಾಯಿತು. ವೈರಸ್ ನಿವಾರಕ ತಂತ್ರಾಂಶಗಳಂತೆಯೇ ಇಲ್ಲಿಯೂ ಗೊತ್ತಿರುವ ಪ್ರತಿಯೊಂದು ಬಾಟ್‌ನ ಸಂಕೇತದಿಂದ ಒಂದು ವಿಶಿಷ್ಟ ತುಣುಕನ್ನು ಗುರುತಾಗಿ ಇಟ್ಟುಕೊಂಡು, ಆಟಗಾರನ ಮೆಮೊರಿಯಲ್ಲಿ ಅದು ಸಿಗುತ್ತದೆಯೇ ಎಂದು ನೋಡಲಾಗುತ್ತದೆ. ಬ್ಲಿಜರ್ಡ್ ಸಂಸ್ಥೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ಗಾಗಿ ರೂಪಿಸಿದ ವಾರ್ಡನ್ ಈ ಮಾದರಿಯದು. ಆಟ ಆರಂಭವಾಗುವ ಮೊದಲೊಮ್ಮೆ ಮೆಮೊರಿಯನ್ನು ಶೋಧಿಸುವುದಲ್ಲದೆ ಆಟ ನಡೆಯುತ್ತಿರುವಾಗಲೂ ಆಗಾಗ ಮೆಮೊರಿಯ ಭಾಗಗಳನ್ನು ಪರಿಶೀಲಿಸಿ ಸರ್ವರಿಗೆ ವರದಿ ಮಾಡುತ್ತಿತ್ತು. 2005ರಲ್ಲಿ ಗ್ರೆಗ್ ಹೊಗ್ಲಂಡ್ ಎಂಬ ಭದ್ರತಾ ತಜ್ಞನು, ಆಟಕ್ಕೆ ಸಂಬಂಧಿಸದ ಇತರ ಕಿಟಕಿಗಳ ಶೀರ್ಷಿಕೆಗಳನ್ನೂ ವಾರ್ಡನ್ ಓದುತ್ತಿದೆಯೆಂದು ತೋರಿಸಿದಾಗ, ಡಿಜಿಟಲ್ ಹಕ್ಕುಗಳ ಪರವಾದ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಅದನ್ನು ಬೇಹುಗಾರ ತಂತ್ರಾಂಶವೆಂದೇ ಕರೆಯಿತು. ಆ ವರ್ಷವೇ ನಡೆದ ಇನ್ನೊಂದು ಸಂಗತಿ ಈ ಚರಿತ್ರೆಯ ವಿನೋದಗಳಲ್ಲೊಂದು: ಸೋನಿ ಬಿಎಂಜಿ ಸಂಸ್ಥೆ ಹಾಡಿನ ಸಿಡಿಗಳ ನಕಲು ತಡೆಯಲೆಂದು ಗ್ರಾಹಕರ ಗಣಕಗಳಲ್ಲಿ ಗುಟ್ಟಾಗಿ ಸ್ಥಾಪಿಸುತ್ತಿದ್ದ ತಂತ್ರಾಂಶಕ್ಕೆ ನಿರ್ದಿಷ್ಟ ಅಕ್ಷರಗಳಿಂದ ಆರಂಭವಾಗುವ ಯಾವ ಕಡತವನ್ನಾದರೂ ಅಡಗಿಸುವ ಗುಣವಿತ್ತು, ಮೋಸಗಾರರು ತಮ್ಮ ಬಾಟ್‌ಗಳಿಗೆ ಅದೇ ಅಕ್ಷರಗಳ ಹೆಸರಿಟ್ಟು ವಾರ್ಡನ್‌ನ ಕಣ್ಣು ತಪ್ಪಿಸಿದರು.

ಈ ವಿಧಾನದ ದೌರ್ಬಲ್ಯ ಅದರ ಮೂಲದಲ್ಲಿಯೇ ಇದೆ. ತಪಾಸಣೆ ನಡೆಯುವ ಗಣಕದ ಒಡೆಯ ತಪಾಸಣೆಗೆ ಒಳಗಾಗುವವನೇ ಆದ್ದರಿಂದ, ಕಾವಲಿನವನು ನೋಡುವ ಪ್ರತಿಯೊಂದನ್ನೂ ಆತ ಮೊದಲೇ ತಿದ್ದಿಡಬಲ್ಲನು. ಕಾರ್ಯಾಚರಣ ವ್ಯವಸ್ಥೆಯ ಅತ್ಯಂತ ಒಳಗಿನ, ಯಂತ್ರಾಂಶದ ಮೇಲೆ ಪೂರ್ಣ ಅಧಿಕಾರವುಳ್ಳ ಭಾಗಕ್ಕೆ ಕರ್ನಲ್ ಎಂದು ಹೆಸರು. ಬಾಟ್‌ಗಳು ಅಲ್ಲಿಗೆ ಇಳಿದಾಗ ಕಾವಲೂ ಅಲ್ಲಿಗೇ ಇಳಿಯಬೇಕಾಯಿತು. 2020ರಲ್ಲಿ ವ್ಯಾಲರಂಟ್ ಆಟದೊಂದಿಗೆ ಬಂದ ರಾಯಟ್ ಸಂಸ್ಥೆಯ ವ್ಯಾನ್‌ಗಾರ್ಡ್, ಆಟ ತೆರೆದಾಗಲ್ಲ, ಗಣಕ ಆನ್ ಆದಾಗಲೇ ಎಚ್ಚರಗೊಳ್ಳುತ್ತದೆ. ಅಷ್ಟು ಅಧಿಕಾರವುಳ್ಳ ತಂತ್ರಾಂಶ ತಾನೇ ಅಪಾಯದ ಬಾಗಿಲಾಗಬಹುದೆಂಬ ಆತಂಕ ಬರಿಯ ಊಹೆಯಲ್ಲ: ಗೆನ್ಶಿನ್ ಇಂಪ್ಯಾಕ್ಟ್ ಆಟದ ಕಾವಲು ಡ್ರೈವರನ್ನೇ ಬಳಸಿಕೊಂಡು ಸುಲಿಗೆಕೋರರು ವೈರಸ್ ನಿವಾರಕವನ್ನು ಸ್ಥಗಿತಗೊಳಿಸಿದ ಪ್ರಕರಣವನ್ನು ಟ್ರೆಂಡ್ ಮೈಕ್ರೊ ಸಂಸ್ಥೆ 2022ರಲ್ಲಿ ವರದಿ ಮಾಡಿತು. ಇತ್ತ ಮೋಸಗಾರರು ಗಣಕದಿಂದಲೇ ಹೊರಬಿದ್ದಿದ್ದಾರೆ. ಮದರ್‌ಬೋರ್ಡಿಗೆ ಸಿಕ್ಕಿಸಿದ ಒಂದು ಕಾರ್ಡು ಪ್ರೊಸೆಸರಿನ ಗಮನಕ್ಕೆ ಬಾರದೆ ಮೆಮೊರಿಯನ್ನು ಓದಿ ಎರಡನೆಯ ಗಣಕಕ್ಕೆ ಕಳಿಸುತ್ತದೆ. ಇಲ್ಲವೇ ಎರಡನೆಯ ಗಣಕವು ಪರದೆಯ ಚಿತ್ರವನ್ನಷ್ಟೇ ನೋಡಿ, ಮೌಸ್‌ನ ವೇಷ ತೊಟ್ಟ ಒಂದು ಪುಟ್ಟ ಸಾಧನದ ಮೂಲಕ ಆಡುತ್ತದೆ. ಈ ಎರಡನೆಯ ಏರ್ಪಾಡಿನಲ್ಲಿ ಆಟವಿರುವ ಗಣಕದ ಮೆಮೊರಿಯಲ್ಲಿ ಹುಡುಕಲು ಏನೂ ಉಳಿದಿರುವುದಿಲ್ಲ.

ನಡವಳಿಕೆಯ ಅಧ್ಯಯನ

ಯಂತ್ರ ಎಲ್ಲಿ ಅಡಗಿದ್ದರೂ ಆಡಲೇಬೇಕು, ಆಡಿದ್ದು ಸರ್ವರಿಗೆ ಬಂದೇ ತೀರುತ್ತದೆ. ಆಟಗಾರನ ಗಣಕದಲ್ಲಿ ಏನಿದೆಯೆಂದು ಕೇಳುವುದನ್ನು ಬಿಟ್ಟು ಆತ ಹೇಗೆ ಆಡಿದನೆಂದು ಕೇಳುವ ಸಂಶೋಧನೆ 2005ರ ಆಸುಪಾಸಿನಿಂದ ಬೆಳೆಯತೊಡಗಿತು. ಈ ಕ್ಷೇತ್ರದ ಹೆಚ್ಚು ಬಾಳಿಕೆಯ ಫಲಿತಾಂಶಗಳು ಬಂದಿರುವುದೂ ಈ ಕಡೆಯಿಂದಲೇ.

ತೈವಾನಿನ ಸಂಶೋಧಕರು ರಾಗ್ನರಾಕ್ ಆನ್‌ಲೈನ್ ಆಟದ ಬಗ್ಗೆ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ನಿದರ್ಶನ. ಅವರು ಆಟದ ಒಳಗನ್ನು ನೋಡಲೇ ಇಲ್ಲ, ಕ್ಲೈಂಟಿಗೂ ಸರ್ವರಿಗೂ ನಡುವೆ ಓಡಾಡುವ ದತ್ತಾಂಶದ ಪೊಟ್ಟಣಗಳ ಕಾಲಗತಿಯನ್ನು ಮಾತ್ರ ಅಳೆದರು. ಸರ್ವರಿನಿಂದ ಸುದ್ದಿ ಬಂದ ಮೇಲೆ ಬಾಟ್ ಉತ್ತರಿಸುವ ಹೊತ್ತು ಗಡಿಯಾರಕ್ಕೆ ಕಟ್ಟಿದಂತೆ ಕ್ರಮಬದ್ಧವಾಗಿರುತ್ತದೆ. ಮನುಷ್ಯನ ಉತ್ತರಗಳು ಚದುರಿರುತ್ತವೆ. ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಗುಣವನ್ನು ಅವರು ಗಮನಿಸಿದರು. ಜಾಲ ನಿಧಾನವಾದಾಗ ಪರದೆಯ ಮೇಲಿನ ದೃಶ್ಯವೂ ನಿಧಾನವಾಗುತ್ತದೆ, ಅದನ್ನು ನೋಡುತ್ತಿರುವ ಮನುಷ್ಯ ತನಗೇ ಅರಿವಿಲ್ಲದೆ ತನ್ನ ಆಟದ ವೇಗವನ್ನು ತಗ್ಗಿಸುತ್ತಾನೆ. ತನ್ನದೇ ಗಡಿಯಾರವನ್ನು ನೆಚ್ಚಿದ ಬಾಟ್‌ಗೆ ಈ ದಾಕ್ಷಿಣ್ಯವಿರುವುದಿಲ್ಲ. ಬಾಟ್ ಬರೆಯುವವನು ಕಾಲವನ್ನು ಯಾದೃಚ್ಛಿಕವಾಗಿ ಏರುಪೇರು ಮಾಡಿ ಮೊದಲನೆಯ ಗುರುತನ್ನು ಅಳಿಸಬಲ್ಲನು, ಎರಡನೆಯದು ಅಷ್ಟು ಸುಲಭವಾಗಿ ಅಳಿಯುವಂಥದ್ದಲ್ಲ.

2009ರಲ್ಲಿ ಅಮೆರಿಕದ ವಿಲಿಯಂ ಅಂಡ್ ಮೇರಿ ಕಾಲೇಜಿನ ಸಂಶೋಧಕರು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟಗಾರರ ಕೀಲಿಮಣೆ ಮತ್ತು ಮೌಸ್ ಬಳಕೆಯನ್ನು ಗ್ಲೈಡರ್‌ನ ಬಳಕೆಯೊಂದಿಗೆ ಹೋಲಿಸಿದರು. ಮನುಷ್ಯನ ಮೌಸ್ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗುವಾಗ ಬಾಗಿ ಸಾಗುತ್ತದೆ, ದೂರ ಹೆಚ್ಚಿದ್ದರೆ ವೇಗವೂ ಹೆಚ್ಚುತ್ತದೆ. ಬಾಟ್‌ನ ಮೌಸ್ ನೇರ ಗೆರೆಯನ್ನು ಹಿಡಿಯುವುದು ಹೆಚ್ಚು. ಆಟಗಾರನನ್ನು ಒಗಟು ಬಿಡಿಸೆಂದು ತಡೆಯದೆ, ಆತ ಹೇಗೂ ಮಾಡುತ್ತಿರುವ ಕೆಲಸದಿಂದಲೇ ಪುರಾವೆ ಪಡೆಯುವುದು ಈ ವಿಧಾನದ ಹಿರಿಮೆ. ಒಗಟಿನ ದಾರಿಯನ್ನು ಹಿಡಿದು ನೋಡಿದ್ದು ಕೇಂಬ್ರಿಡ್ಜಿನ ಜಾಗೆಕ್ಸ್ ಸಂಸ್ಥೆಯ ರೂನ್‌ಸ್ಕೇಪ್: ಆಟದ ಮಧ್ಯೆ ಹಠಾತ್ತನೆ ಒಂದು ಪಾತ್ರ ಬಂದು ಸಣ್ಣ ಸಮಸ್ಯೆಯೊಂದನ್ನು ಒಡ್ಡುತ್ತಿತ್ತು. ಬಾಟ್ ಬರೆಯುವವರು ಅವುಗಳ ಉತ್ತರವನ್ನೂ ಬರೆದುಕೊಂಡರು, ಕಿರಿಕಿರಿ ಉಳಿದದ್ದು ಪ್ರಾಮಾಣಿಕರ ಪಾಲಿಗೆ. ಕೊನೆಗೆ 2011ರ ಅಕ್ಟೋಬರಿನಲ್ಲಿ ಸಂಸ್ಥೆ ಬಾಟ್‌ಗಳು ನೆಚ್ಚಿದ್ದ ಕ್ಲೈಂಟಿನ ಒಳರಚನೆಯನ್ನೇ ಬದಲಿಸಿ, ಸುಮಾರು 15 ಲಕ್ಷ ಖಾತೆಗಳನ್ನು ಹೊರಹಾಕಿದ್ದಾಗಿ ಹೇಳಿಕೊಂಡಿತು. ಆದರೂ ಆ ಆಟಕ್ಕೆ ಬಾಟ್‌ಗಳ ಕಾಟ ತಪ್ಪಲಿಲ್ಲ.

ದೀರ್ಘಕಾಲದ ದಾಖಲೆಗಳ ಅಧ್ಯಯನದಲ್ಲಿ ದಕ್ಷಿಣ ಕೊರಿಯಾದವರ ಕೊಡುಗೆ ದೊಡ್ಡದು, ಏಕೆಂದರೆ ಅಲ್ಲಿ ಎನ್‌ಸಿಸಾಫ್ಟ್ ಸಂಸ್ಥೆಯ ಲಿನಿಯೇಜ್, ಅಯಾನ್ ಮುಂತಾದ ಆಟಗಳ ನಿಜ ದಾಖಲೆಗಳೇ ವಿಶ್ವವಿದ್ಯಾಲಯದ ಸಂಶೋಧಕರ ಕೈಗೆ ಸಿಕ್ಕಿದವು. ಆಟಗಾರನೊಬ್ಬನ ದಿನಚರಿಯನ್ನು ಸಮನಾದ ಕಾಲಖಂಡಗಳಾಗಿ ಕತ್ತರಿಸಿ, ಒಂದು ಖಂಡ ಇನ್ನೊಂದನ್ನು ಎಷ್ಟು ಹೋಲುತ್ತದೆಂದು ಅಳೆಯುವ ವಿಧಾನ 2016ರಲ್ಲಿ ಪ್ರಕಟವಾಯಿತು. ಮನುಷ್ಯ ದಾರಿ ತಪ್ಪುತ್ತಾನೆ, ಹರಟುತ್ತಾನೆ, ಎದ್ದು ಹೋಗುತ್ತಾನೆ. ಬಾಟ್ ತನ್ನನ್ನೇ ತಾನು ಹೋಲುತ್ತದೆ. ಗೆಳೆತನವೂ ಸಾಕ್ಷ್ಯವಾಗುತ್ತದೆ: ಮನುಷ್ಯರು ಕಟ್ಟಿದ ತಂಡ ಕೆಲಸ ಮುಗಿದೊಡನೆ ಚದುರಿದರೆ ಬಾಟ್‌ಗಳ ತಂಡ ಅಸಹಜವಾಗಿ ಹೆಚ್ಚು ಹೊತ್ತು ಜೊತೆಗಿರುತ್ತದೆ. ಇನ್ನು ಚಿನ್ನದ ಜಾಡು ಹಿಡಿದರೆ, ಗಳಿಸುವ ಹಲವು ಖಾತೆಗಳಿಂದ ಕೂಡಿಡುವ ಕೆಲವು ಖಾತೆಗಳಿಗೆ, ಅಲ್ಲಿಂದ ಮಾರುವ ಖಾತೆಗೆ ಪ್ರತಿಫಲವಿಲ್ಲದೆ ಹರಿಯುವ ಸಂಪತ್ತು ಇಡೀ ಜಾಲವನ್ನು ಬಯಲಿಗೆಳೆಯುತ್ತದೆ. ಒಂಟಿ ಬಾಟ್ ಮನುಷ್ಯನಂತೆ ನಟಿಸಬಹುದು. ಗಳಿಸಿದ್ದನ್ನು ಒಡೆಯನಿಗೆ ಒಪ್ಪಿಸದೆ ಇರಲು ಮಾತ್ರ ಅದಕ್ಕೆ ಸಾಧ್ಯವಿಲ್ಲ.

ಗುಂಡಿನ ಆಟಗಳಲ್ಲಿ ಇಷ್ಟು ಕಾಯುವ ಸಮಯವಿರುವುದಿಲ್ಲ. ಅಲ್ಲಿ ಪರಿಶೀಲಿಸಬೇಕಾದದ್ದು ಗುಂಡು ಹಾರುವ ಮುನ್ನಿನ ಮತ್ತು ಅನಂತರದ ಕ್ಷಣಗಳಲ್ಲಿ ದೃಷ್ಟಿಯ ಕೋನ ಬದಲಾದ ಬಗೆಯನ್ನು. ವಾಲ್ವ್ ಸಂಸ್ಥೆ 2013ರಲ್ಲಿ ಕೌಂಟರ್‌ಸ್ಟ್ರೈಕ್‌ಗೆ ಓವರ್‌ವಾಚ್ ಎಂಬ ಪಂಚಾಯಿತಿ ವ್ಯವಸ್ಥೆಯನ್ನು ತಂದು, ದೂರು ಬಂದವರ ಆಟದ ಮರುಪ್ರಸಾರವನ್ನು ಅನುಭವಿ ಆಟಗಾರರೇ ನೋಡಿ ತೀರ್ಪು ಕೊಡುವಂತೆ ಮಾಡಿತು. ಆ ತೀರ್ಪುಗಳ ರಾಶಿಯೇ ಮುಂದೆ ವ್ಯಾಕ್‌ನೆಟ್ ಎಂಬ ಯಂತ್ರ ಕಲಿಕೆಯ ವ್ಯವಸ್ಥೆಗೆ ಪಾಠವಾಯಿತು. 2018ರಲ್ಲಿ ಸಂಸ್ಥೆ ವಿವರಿಸಿದಂತೆ, ಆಟಗಾರರ ದೂರಿನಿಂದ ಬಂದ ಪ್ರಕರಣಗಳಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಗುತ್ತಿದ್ದದ್ದು ಅಲ್ಪಭಾಗ ಮಾತ್ರ, ವ್ಯಾಕ್‌ನೆಟ್ ಆಯ್ದುಕೊಟ್ಟವುಗಳಲ್ಲಿ ಬಹುಪಾಲು. ಸೋತವನ ಸಿಟ್ಟು ಎಂಥ ದುರ್ಬಲ ಸಾಕ್ಷಿ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮನುಷ್ಯರ ಕಣ್ಣನ್ನು ಎಷ್ಟು ನಂಬಬಹುದೆಂಬ ಪ್ರಶ್ನೆಗೆ 2012ರ ಬಾಟ್‌ಪ್ರೈಜ್ ಸ್ಪರ್ಧೆಯೂ ಒಂದು ಉತ್ತರ ಕೊಟ್ಟಿದೆ. ಅನ್‌ರಿಯಲ್ ಟೂರ್ನಮೆಂಟ್ 2004 ಆಟದಲ್ಲಿ ಯಾರು ಮನುಷ್ಯರು, ಯಾರು ಬಾಟ್ ಎಂದು ತೀರ್ಪುಗಾರರು ಹೇಳಬೇಕಿದ್ದ ಆ ಸ್ಪರ್ಧೆಯಲ್ಲಿ ಎರಡು ಬಾಟ್‌ಗಳು ಅರ್ಧಕ್ಕಿಂತ ಹೆಚ್ಚು ಸಲ ಮನುಷ್ಯರೆಂದು ಎಣಿಸಲ್ಪಟ್ಟವು. ಆಡುತ್ತಿದ್ದ ನಿಜವಾದ ಮನುಷ್ಯರಿಗೆ ಸರಾಸರಿಯಲ್ಲಿ ಅಷ್ಟು ಮನ್ನಣೆಯೂ ಸಿಗಲಿಲ್ಲ.

ತೀರ್ಪು ಮತ್ತು ತಪ್ಪು

ಪತ್ತೆಯ ಬರಹಗಳು ನಿಖರತೆಯ ಶೇಕಡಾವಾರುಗಳನ್ನು ಮುಂದಿಡುವುದು ವಾಡಿಕೆಯಾದರೂ, ಆ ಸಂಖ್ಯೆಗಳು ಆಟದ ನಿಜ ಜನಸಂಖ್ಯೆಗೆ ಹೊಂದಿಸಿದಾಗ ಬೇರೆಯೇ ಅರ್ಥ ಕೊಡುತ್ತವೆ. 10 ಲಕ್ಷ ಖಾತೆಗಳಿರುವ ಆಟವೊಂದರಲ್ಲಿ ನೂರಕ್ಕೆ ಒಂದು ಬಾಟ್ ಎಂದು ಭಾವಿಸೋಣ. ಎರಡೂ ಕಡೆ ಶೇ. 99ರಷ್ಟು ಸರಿಯಾಗಿ ಹೇಳುವ ಪರೀಕ್ಷೆಯು 10,000 ಬಾಟ್‌ಗಳಲ್ಲಿ 9,900ನ್ನು ಹಿಡಿಯುತ್ತದೆ, ಜೊತೆಗೆ 9,90,000 ಪ್ರಾಮಾಣಿಕರಲ್ಲಿ 9,900 ಮಂದಿಯನ್ನೂ ಹಿಡಿಯುತ್ತದೆ. ಸಿಕ್ಕಿಬಿದ್ದವರಲ್ಲಿ ಅರ್ಧದಷ್ಟು ಜನ ನಿರಪರಾಧಿಗಳು. ಆದ್ದರಿಂದ ಈ ಕ್ಷೇತ್ರದ ಕಠಿಣ ಭಾಗವೆಂದರೆ ಬಾಟ್ ಹಿಡಿಯುವುದಲ್ಲ, ಮನುಷ್ಯನನ್ನು ಬಿಟ್ಟುಬಿಡುವುದು. ಒಂದೇ ಅಳತೆಯನ್ನು ನಂಬದೆ ಹಲವನ್ನು ಕೂಡಿಸುವುದು, ಯಂತ್ರದ ಶಂಕೆಯನ್ನು ಮನುಷ್ಯರ ಮುಂದಿಟ್ಟು ಖಚಿತಪಡಿಸಿಕೊಳ್ಳುವುದು, ಮೇಲ್ಮನವಿಗೆ ಅವಕಾಶ ಕೊಡುವುದು ಈ ಲೆಕ್ಕದಿಂದ ಹುಟ್ಟಿದ ಎಚ್ಚರಗಳು. ಎಚ್ಚರವಿದ್ದೂ ತಪ್ಪುಗಳಾಗಿವೆ. 2010ರಲ್ಲಿ ವ್ಯಾಕ್ ಸುಮಾರು 12,000 ನಿರಪರಾಧಿ ಆಟಗಾರರನ್ನು ಕಾಲ್ ಆಫ್ ಡ್ಯೂಟಿ ಆಟದಿಂದ ಹೊರಹಾಕಿತು, ಬಳಿಕ ವಾಲ್ವ್ ಕ್ಷಮೆ ಕೇಳಿ, ಪರಿಹಾರವಾಗಿ ಬೇರೊಂದು ಆಟವನ್ನು ಉಚಿತವಾಗಿ ಕೊಟ್ಟಿತು; 2023ರಲ್ಲಿ ಎಎಂಡಿ ಸಂಸ್ಥೆಯ ಗ್ರಾಫಿಕ್ಸ್ ಡ್ರೈವರಿನ ಹೊಸ ಸೌಲಭ್ಯವೊಂದು ಆಟದ ಸಂಕೇತದೊಳಗೆ ಕೈಹಾಕುತ್ತಿದ್ದುದರಿಂದ ಅದನ್ನು ಬಳಸಿದ ಕೌಂಟರ್‌ಸ್ಟ್ರೈಕ್ 2 ಆಟಗಾರರು ಮೋಸಗಾರರ ಪಟ್ಟಿಗೆ ಸೇರಿದರು.

ಶಿಕ್ಷೆಯ ಹೊತ್ತೂ ಒಂದು ಆಯುಧ. ಬಾಟ್ ಕಂಡ ಕೂಡಲೇ ಖಾತೆಯನ್ನು ಬ್ಯಾನ್ ಮಾಡಿದರೆ, ಯಾವ ಬದಲಾವಣೆಯಿಂದ ಸಿಕ್ಕಿಬಿದ್ದೆನೆಂದು ಬರೆದವನಿಗೆ ತಕ್ಷಣ ತಿಳಿಯುತ್ತದೆ. ವಾರಗಟ್ಟಲೆ ಕಾದು ಎಲ್ಲರನ್ನೂ ಒಂದೇ ಸಲ ಹೊರಹಾಕಿದರೆ ಆತನ ಗ್ರಾಹಕರೆಲ್ಲ ಒಟ್ಟಿಗೆ ಹಣ ವಾಪಸು ಕೇಳುತ್ತಾರೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಹಾನರ್‌ಬಡಿ ಎಂಬ ಜರ್ಮನ್ ಬಾಟ್ ಬಳಸಿದವರ ಮೇಲೆ 2015ರ ಮೇ ತಿಂಗಳಲ್ಲಿ ಬಂದ ಬ್ಯಾನ್‌ಗಳ ಅಲೆ ಇಂಥದು. ಆದರೆ ಕಾಯುವ ಅಷ್ಟೂ ದಿನ ಪ್ರಾಮಾಣಿಕರು ಬಾಟ್‌ಗಳ ಜೊತೆಯಲ್ಲೇ ಆಡುತ್ತಿರಬೇಕು, ಈ ವೆಚ್ಚವನ್ನು ಸಂಸ್ಥೆಗಳು ಬಾಯಿಬಿಟ್ಟು ಹೇಳುವುದು ಕಡಿಮೆ. ಸಂಶಯಕ್ಕೆ ಎಡೆಯೇ ಇಲ್ಲದ ಪುರಾವೆ ಸಿಗುವಂತೆ ಬಲೆ ಹೆಣೆಯುವುದು ಇನ್ನೂ ಜಾಣತನದ್ದು: 2023ರ ಫೆಬ್ರವರಿಯಲ್ಲಿ ಡೋಟಾ 2 ಆಟದ ಕ್ಲೈಂಟಿನಲ್ಲಿ, ಸಹಜ ಆಟದಲ್ಲಿ ಯಾರೂ ಎಂದೂ ಓದದ ದತ್ತಾಂಶದ ಭಾಗವೊಂದನ್ನು ಇರಿಸಿ, ಅದನ್ನು ಓದಿದ 40,000ಕ್ಕೂ ಹೆಚ್ಚು ಖಾತೆಗಳನ್ನು ವಾಲ್ವ್ ಹೊರಹಾಕಿತು. ಇಲ್ಲಿ ಶೇಕಡಾವಾರಿನ ಗೊಡವೆಯೇ ಬೀಳುವುದಿಲ್ಲ. ಇದೇ ಸಂಸ್ಥೆಯ ಟೀಮ್ ಫೋರ್ಟ್ರೆಸ್ 2 ಮಾತ್ರ 2020ರಿಂದ ಹಲವು ವರ್ಷ ಏಮ್‌ಬಾಟ್‌ಗಳ ಹಿಡಿತದಲ್ಲಿತ್ತು, 2022 ಮತ್ತು 2024ರಲ್ಲಿ ಆಟಗಾರರು ಬಹಿರಂಗ ಅಭಿಯಾನ ನಡೆಸಬೇಕಾಯಿತು. ತಂತ್ರ ಗೊತ್ತಿರುವುದೂ ಹಳೆಯ ಆಟವೊಂದಕ್ಕೆ ಅದನ್ನು ಬಳಸುವ ಮನಸ್ಸಿರುವುದೂ ಒಂದೇ ಅಲ್ಲ.

ಕಾನೂನು

ಬಾಟ್ ಮಾರುವವರ ವಿರುದ್ಧದ ಮೊಕದ್ದಮೆಗಳಲ್ಲಿ ಹೆಸರಾದದ್ದು ಗ್ಲೈಡರ್‌ನದು. 2010ರ ಡಿಸೆಂಬರಿನಲ್ಲಿ ಅಮೆರಿಕದ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯವು, ಆಟದ ಕರಾರನ್ನು ಮುರಿದು ಬಾಟ್ ಬಳಸಿದ ಮಾತ್ರಕ್ಕೆ ಕೃತಿಸ್ವಾಮ್ಯದ ಉಲ್ಲಂಘನೆಯಾಗುವುದಿಲ್ಲವೆಂದೂ, ಆದರೆ ವಾರ್ಡನ್ ಎಂಬ ತಡೆಯನ್ನು ದಾಟಿಸುವ ಸಾಧನ ಮಾರಿದ್ದು ಡಿಜಿಟಲ್ ಕೃತಿಸ್ವಾಮ್ಯದ ಕಾಯ್ದೆಗೆ ವಿರುದ್ಧವೆಂದೂ ತೀರ್ಪಿತ್ತಿತು. ಹಾನರ್‌ಬಡಿ ತಯಾರಿಸಿದ ಬಾಸ್‌ಲ್ಯಾಂಡ್ ಸಂಸ್ಥೆಗೆ 2017ರಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯ ಸುಮಾರು 85 ಲಕ್ಷ ಡಾಲರ್ ಪರಿಹಾರ ಕೊಡುವಂತೆ ಆದೇಶಿಸಿದ್ದೂ ಇದೇ ಜಾಡಿನಲ್ಲಿ. ಈ ತೀರ್ಪುಗಳಿಂದ ಕಾವಲು ತಂತ್ರಾಂಶಕ್ಕೆ ಎರಡನೆಯ ಉಪಯೋಗವೊಂದು ದೊರೆಯಿತು. ಅದು ಬಾಟನ್ನು ಹಿಡಿಯದಿದ್ದರೂ ಬಾಟ್ ಅದನ್ನು ದಾಟಿದ್ದೇ ಅಪರಾಧಕ್ಕೆ ಆಧಾರವಾಗುತ್ತದೆ. ದಕ್ಷಿಣ ಕೊರಿಯಾ ಇನ್ನೂ ಮುಂದೆ ಹೋಗಿ, 2016ರಲ್ಲಿ ತನ್ನ ಆಟೋದ್ಯಮ ಕಾಯ್ದೆಯನ್ನು ತಿದ್ದಿ, ಇಂಥ ತಂತ್ರಾಂಶವನ್ನು ತಯಾರಿಸಿ ಹಂಚುವವರಿಗೆ ಸೆರೆವಾಸ ಅಥವಾ ದಂಡವನ್ನು ಗೊತ್ತುಪಡಿಸಿತು.

ಭಾರತದಲ್ಲಿ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಗಮನ ಹಣ ಕಟ್ಟಿ ಆಡುವ ಆಟಗಳ ನಿಷೇಧದ ಮೇಲೂ ಇ-ಕ್ರೀಡೆಗಳ ಉತ್ತೇಜನದ ಮೇಲೂ ಇದೆ. ಮೋಸದ ಪ್ರಕರಣಗಳು ಬಹುಮಟ್ಟಿಗೆ ಸಂಸ್ಥೆಗಳ ಮತ್ತು ಪಂದ್ಯಾವಳಿಗಳ ನಿಯಮಗಳಲ್ಲೇ ಇತ್ಯರ್ಥವಾಗುತ್ತವೆ. 2018ರ ಅಕ್ಟೋಬರಿನಲ್ಲಿ ಶಾಂಘೈನಲ್ಲಿ ನಡೆದ ಕೌಂಟರ್‌ಸ್ಟ್ರೈಕ್ ಪಂದ್ಯಾವಳಿಯಲ್ಲಿ ಭಾರತದ ತಂಡದ ಆಟಗಾರನೊಬ್ಬನ ಗಣಕದಲ್ಲಿ ಗುರಿಯನ್ನು ತಿದ್ದುವ ತಂತ್ರಾಂಶ ಸಿಕ್ಕಿದಾಗ ತಂಡವನ್ನು ಅನರ್ಹಗೊಳಿಸಲಾಯಿತು, ಸ್ವಲ್ಪ ದಿನಗಳಲ್ಲೇ ತಂಡವೂ ವಿಸರ್ಜನೆಯಾಯಿತು. ಆ ಕಡತಕ್ಕೆ ಪತ್ರ ಬರೆಯುವ ತಂತ್ರಾಂಶದ ಹೆಸರಿಡಲಾಗಿತ್ತು. ಅದನ್ನು ಪತ್ತೆಹಚ್ಚಿದ್ದು ಪಂದ್ಯ ನಡೆಯುತ್ತಿದ್ದಾಗ ಆತನ ಗಣಕವನ್ನು ಪರಿಶೀಲಿಸಲು ಬಂದ ಅಧಿಕಾರಿಗಳು.